ಸ್ಕೀ ಲಾಡ್ಜಿನ ಚರಿತ್ರೆ ಬರೆಯುವುದಾದರೆ ಅಡುಗೆಮನೆಯ ಕಿರ್ದಿಯಿಂದ ಶುರು ಮಾಡಿ

ನಮ್ಮ ಲಾಡ್ಜಿನ ಚರಿತ್ರೆ ಬಹಳ ವರ್ಷ ನಾಲ್ಕೇ ವಾಕ್ಯದ್ದಾಗಿತ್ತು. ಬಾಡಿಗೆ ದರಪಟ್ಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದರು: 1926ರಲ್ಲಿ ಮುತ್ತಜ್ಜ ಕಟ್ಟಿದರು, ಯುದ್ಧ ಮುಗಿದ ಮೇಲೆ ಅಜ್ಜ ಮಹಡಿ ಎತ್ತಿಸಿದರು, ಮಾವ ಹೊಸ ಭಾಗ ಸೇರಿಸಿದರು, ಈಗ ಮಗ ನಡೆಸುತ್ತಿದ್ದಾರೆ. ಆ ಮಗ ನನ್ನ ಗಂಡ. ಮದುವೆಯಾಗಿ ಆಸ್ಟ್ರಿಯಾದ ಈ ಬೆಟ್ಟಕ್ಕೆ, ಆರ್ಲ್‌ಬರ್ಗ್ ಘಾಟಿಯ ಪಶ್ಚಿಮದ ಮಗ್ಗುಲಿಗೆ ಬಂದ ಮೊದಲ ಚಳಿಗಾಲದಲ್ಲೇ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬೆಳಗಿನ ಐದೂವರೆಗೆ ಎದ್ದು ಒಲೆ ಹಚ್ಚುವವರು ಅತ್ತೆ. ಯಾವ ಕೋಣೆ ಯಾರಿಗೆ ಎಂದು ಹೇಳುವವರು ಅತ್ತೆ. ಕೀಲಿಕೈ ಗೊಂಚಲು ಅತ್ತೆಯ ಏಪ್ರನ್ ಜೇಬಿನಲ್ಲಿ. ರಾತ್ರಿ ಹತ್ತಕ್ಕೆ ಲೆಕ್ಕ ಬರೆಯುವವರೂ ಅವರೇ. ಆ ನಾಲ್ಕು ವಾಕ್ಯದಲ್ಲಿ ಮಾತ್ರ ಅವರಿಲ್ಲ, ಅವರ ಅತ್ತೆಯೂ ಇಲ್ಲ.

ಮೂರು ವರ್ಷ, ಸೀಸನ್ ಇಲ್ಲದ ತಿಂಗಳುಗಳಲ್ಲಿ ಕೂತು ನಾನು ಆ ಚರಿತ್ರೆಯನ್ನು ಮತ್ತೆ ಬರೆದೆ. ಇಂಥದ್ದೇ ಒಂದು ಮನೆತನದ ಲಾಡ್ಜಿನ ಕಥೆ ಬರೆಯಲು ಹೊರಟವರಿಗೆ, ನೀವು ಆ ಮನೆಯವರೇ ಆಗಿರಿ, ಹೊರಗಿನಿಂದ ಬಂದವರಾಗಿರಿ, ನಾನು ಕಲಿತದ್ದು ಉಪಯೋಗಕ್ಕೆ ಬರಬಹುದು. ಉದಾಹರಣೆಗಳೆಲ್ಲ ಆರ್ಲ್‌ಬರ್ಗಿನವು. ಆಲ್ಪ್ಸ್ ಪರ್ವತದ ಬೇರೆ ಕಡೆ ಕಾಯಿದೆ, ದಾಖಲೆಗಳ ಹೆಸರು ಬದಲಾಗುತ್ತವೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಕೆಲಸಕ್ಕೆ ಸರಿಯಾದ ಕಾಲ ಈಸ್ಟರ್ ಕಳೆದ ಮೇಲೆ. ಕೊನೆಯ ಅತಿಥಿ ಹೋಗಿ, ಹಾಸಿಗೆಗಳನ್ನು ಗಾಳಿಗೆ ಹಾಕಿ, ಊರೇ ಬಾಗಿಲು ಎಳೆದುಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಲು ಹೋಗಬೇಡಿ. ಮೇ ತಿಂಗಳಲ್ಲಿ ಅದೇ ಮನುಷ್ಯರು ಗಂಟೆಗಟ್ಟಲೆ ಮಾತಾಡುತ್ತಾರೆ.

ಮೊದಲು ಹುಡುಕಿ, ಆಮೇಲೆ ಕೇಳಿ

ಹಿರಿಯರನ್ನು ಮಾತಾಡಿಸುವುದರಿಂದ ಶುರು ಮಾಡಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ನಾನೂ ಹಾಗೇ ಮಾಡಿದೆ. ಅತ್ತೆ ದರಪಟ್ಟಿಯ ಆ ನಾಲ್ಕು ವಾಕ್ಯವನ್ನೇ ನನಗೆ ಒಪ್ಪಿಸಿದರು. ಕೈಯಲ್ಲಿ ಒಂದು ವಸ್ತು ಇಲ್ಲದೆ ಹಳೆಯದನ್ನು ಕೇಳಿದರೆ, ಹೇಳಿ ಹೇಳಿ ಸವೆದ ಕಥೆಯೇ ಹೊರಬರುತ್ತದೆ. ಆದ್ದರಿಂದ ಮೊದಲು ಮನೆಯನ್ನು ಶೋಧಿಸಿ.

ಅಟ್ಟ ಎಲ್ಲರೂ ನೋಡುವ ಜಾಗ. ಅದಕ್ಕಿಂತ ಹೆಚ್ಚು ಸಿಗುವುದು ಮೆಟ್ಟಿಲ ಕೆಳಗೆ, ಹೊದಿಕೆ ಬೀರುವಿನ ತಳದಲ್ಲಿ, ಸ್ಕೀ ಇಡುವ ಕೋಣೆಯ ಗೋಡೆ ಮತ್ತು ಹಲಗೆಯ ನಡುವೆ. ನಮ್ಮಲ್ಲಿ ಸಿಕ್ಕಿದ್ದು: ಮೂರು ಅತಿಥಿ ಪುಸ್ತಕ, ಹನ್ನೊಂದು ಲೆಕ್ಕದ ಪುಸ್ತಕ, ಒಂದು ಶೂ ಡಬ್ಬಿ ತುಂಬ ಪೋಸ್ಟ್‌ಕಾರ್ಡು, ಕೋಣೆ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆಗಳು, ಬೂಟಿಗೆ ಮೇಣ ಕರಗಿಸುವ ಪಾತ್ರೆ. ಬಿಲ್ಲೆಗಳಲ್ಲಿ 7 ಎರಡಿದ್ದವು, 9 ಇರಲಿಲ್ಲ. ಅದರಿಂದಲೇ ಮೇಲಿನ ಮಹಡಿಯ ಕೋಣೆಗಳನ್ನು ಒಮ್ಮೆ ಒಡೆದು ಕಟ್ಟಿದ್ದಾರೆಂದು ತಿಳಿಯಿತು.

ಯಾವುದನ್ನೂ ಇದ್ದ ಜಾಗದಿಂದ ಎತ್ತುವ ಮೊದಲು ಫೋಟೋ ತೆಗೆಯಿರಿ. ಯಾವುದರ ಪಕ್ಕ ಯಾವುದಿತ್ತು ಎನ್ನುವುದೂ ಒಂದು ದಾಖಲೆ. ಸಂಖ್ಯೆ ಹಾಕುವುದಾದರೆ ಪೆನ್ಸಿಲಿನಲ್ಲಿ, ಹಿಂಬದಿಯ ಮೂಲೆಯಲ್ಲಿ. ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್ಪು ತೆಗೆಯಿರಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಲೇಬೇಡಿ. ಬರಹವನ್ನು 300 ಡಿಪಿಐನಲ್ಲಿ, ಫೋಟೋಗಳನ್ನು 600ರಲ್ಲಿ ಸ್ಕ್ಯಾನ್ ಮಾಡಿ.

ಜಮೀನಿನ ದಾಖಲೆಯಲ್ಲಿ ಸಾಲದ ಹಾಳೆ ಓದಿ

ಆಸ್ಟ್ರಿಯಾದ ಭೂದಾಖಲೆಗೆ ಗ್ರುಂಡ್‌ಬೂಖ್ ಎನ್ನುತ್ತಾರೆ. ನಮ್ಮ ಪಹಣಿ, ಋಣಭಾರ ಪತ್ರ ಎರಡನ್ನೂ ಒಂದೇ ಕಡತದಲ್ಲಿ ಇಟ್ಟಂತೆ ಅದು. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು, ಆದರೆ ಮಾಲೀಕರ ಹೆಸರು ಕೊಟ್ಟು ಹುಡುಕಲು ಸುಮ್ಮನೆ ಬಿಡುವುದಿಲ್ಲ. ಜಮೀನಿನ ಸಂಖ್ಯೆಯನ್ನೋ ಕಡತದ ಸಂಖ್ಯೆಯನ್ನೋ ಹಿಡಿದು ಹೋಗಬೇಕು. ಅದರಲ್ಲಿ ಮೂರು ಭಾಗ. ‘ಎ’ ಹಾಳೆಯಲ್ಲಿ ಜಾಗದ ವಿವರ, ‘ಬಿ’ ಹಾಳೆಯಲ್ಲಿ ಮಾಲೀಕರು, ‘ಸಿ’ ಹಾಳೆಯಲ್ಲಿ ಆ ಜಾಗದ ಮೇಲಿನ ಹೊರೆ: ಸಾಲ, ಅಡಮಾನ, ಬೇರೆಯವರ ಹಕ್ಕು. ಈಗಿನ ಪ್ರತಿಯಲ್ಲಿ ತೀರಿದ ಸಾಲಗಳು ಕಾಣುವುದಿಲ್ಲ. ರದ್ದಾದ ನಮೂದುಗಳೂ ಬೇಕು ಎಂದು ಬಾಯಿಬಿಟ್ಟು ಕೇಳಿ.

ಎಲ್ಲರೂ ‘ಬಿ’ ಹಾಳೆ ನೋಡಿ ಎದ್ದುಬಿಡುತ್ತಾರೆ. ನೀವು ‘ಸಿ’ ಹಾಳೆಯ ಮುಂದೆ ಕೂರಿ. ಒಂದೊಂದು ಸಾಲವೂ ಒಂದೊಂದು ಅಧ್ಯಾಯ. ಯಾವ ವರ್ಷ ಯಾವ ಬ್ಯಾಂಕು ಎಷ್ಟು ಕೊಟ್ಟಿತು ಎಂದು ತಿಳಿದರೆ, ಮನೆಗೆ ನೀರಿನ ಕೊಳಾಯಿ ಯಾವಾಗ ಬಂತು, ಬಿಸಿನೀರಿನ ಕೊಳವೆ ಯಾವಾಗ ಕೋಣೆಗಳಿಗೆ ಹತ್ತಿತು ಎನ್ನುವುದಕ್ಕೆ ದಾರಿ ಸಿಗುತ್ತದೆ. ಲಾಡ್ಜು ಮಾರಾಟದ ಅಂಚಿಗೆ ಬಂದ ವರ್ಷಗಳೂ ಅಲ್ಲೇ ಇರುತ್ತವೆ, ಅವನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ.

ನಮ್ಮ ಮನೆಯ ಹೆಂಗಸೊಬ್ಬರ ಹೆಸರು ನನಗೆ ಸರ್ಕಾರಿ ಕಾಗದದಲ್ಲಿ ಮೊದಲು ಸಿಕ್ಕಿದ್ದೂ ‘ಸಿ’ ಹಾಳೆಯಲ್ಲೇ. ಈ ಕಡೆ ಔಸ್‌ಗೆಡಿಂಗೆ ಎಂಬ ಹಳೆಯ ಪದ್ಧತಿ ಇದೆ. ಮನೆಯನ್ನು ಮಗನಿಗೆ ಬಿಟ್ಟುಕೊಡುವ ತಂದೆತಾಯಿ ತಮ್ಮ ಉಳಿದ ಬದುಕಿಗೆ ಬೇಕಾದದ್ದನ್ನು ಜಮೀನಿನ ಮೇಲೇ ಹೊರೆಯಾಗಿ ಬರೆಸಿಕೊಳ್ಳುತ್ತಾರೆ. ಮುತ್ತಜ್ಜಿ ಬರೆಸಿಕೊಂಡದ್ದು: ದಕ್ಷಿಣಕ್ಕೆ ಕಿಟಕಿ ಇರುವ, ಒಲೆ ಇರುವ ಒಂದು ಕೋಣೆ, ದಿನಕ್ಕೊಂದು ಲೀಟರ್ ಹಾಲು, ಸೀಳಿ ಒಣಗಿಸಿದ ಸೌದೆ, ಅಡುಗೆಮನೆಯನ್ನು ಬಳಸುವ ಹಕ್ಕು. ಮುತ್ತಜ್ಜನ ಹೆಸರು ಮಾಲೀಕನಾಗಿ ಇದೆ, ಮುತ್ತಜ್ಜಿಯದು ಹೊರೆಯಾಗಿ. ಆದರೆ ಆ ಹೊರೆಯ ಪಟ್ಟಿ ಓದಿದರೆ ಆಕೆಯ ಇಡೀ ದಿನ ಕಣ್ಣಿಗೆ ಕಟ್ಟುತ್ತದೆ. ‘ಸೀಳಿ ಒಣಗಿಸಿದ’ ಎಂದು ಬಿಡಿಸಿ ಬರೆಸಿದ ಹೆಂಗಸಿಗೆ ಹಸಿ ಸೌದೆಯ ಹೊಗೆ ಚೆನ್ನಾಗಿ ಗೊತ್ತಿತ್ತು.

ಘಾಟಿಯಾಚೆಯ ಟಿರೋಲ್ ಮತ್ತು ನಮ್ಮ ಫೋರಾರ್ಲ್‌ಬರ್ಗ್ ರಾಜ್ಯಗಳಲ್ಲಿ ಗ್ರುಂಡ್‌ಬೂಖ್ ತಡವಾಗಿ ಬಂತು, ಹೆಚ್ಚೂಕಡಿಮೆ 1900ರ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಫರ್‌ಫಾಖ್‌ಬೂಖ್ ಎಂಬ ಒಪ್ಪಂದದ ಸಂಪುಟಗಳನ್ನು ನೋಡಬೇಕು. ಅಲ್ಲಿ ಜಮೀನಿನ ಪ್ರಕಾರ ವಿಂಗಡಣೆ ಇಲ್ಲ, ಒಂದಾದ ಮೇಲೊಂದು ಕರಾರು ಬರೆಯುತ್ತ ಹೋಗಿದ್ದಾರೆ. ತಾಳ್ಮೆ ಬೇಕು. ಇನ್ನೊಂದು ಮಾತು: ಫೋರಾರ್ಲ್‌ಬರ್ಗ್‌ನಲ್ಲೂ ಟಿರೋಲಿನ ಪಶ್ಚಿಮದಲ್ಲೂ ಆಸ್ತಿಯನ್ನು ಮಕ್ಕಳೆಲ್ಲರಿಗೂ ಪಾಲು ಮಾಡುವುದು ರೂಢಿ. ಹಾಗಾಗಿ ಒಂದು ಲಾಡ್ಜಿನ ಜಾಗ ಅಂದರೆ ಹಲವು ತುಂಡುಗಳನ್ನು ಮತ್ತೆ ಹೊಲಿದದ್ದು. ಯಾವ ಅಕ್ಕ, ಯಾವ ತಂಗಿ ತನ್ನ ಪಾಲನ್ನು ಯಾವ ವರ್ಷ ಬಿಟ್ಟುಕೊಟ್ಟಳು, ಅದಕ್ಕೆ ಅವಳಿಗೆ ಏನು ಸಿಕ್ಕಿತು ಎಂಬುದನ್ನು ತಪ್ಪದೆ ಬರೆದುಕೊಳ್ಳಿ.

ಹಳೆಯ ನಕ್ಷೆಯನ್ನೂ ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ, 1817ರಿಂದ 1861ರವರೆಗೆ ಇಡೀ ಆಸ್ಟ್ರಿಯಾ ಸಾಮ್ರಾಜ್ಯವನ್ನು ತೆರಿಗೆಗಾಗಿ ಅಳೆದು ನಕ್ಷೆ ಮಾಡಿದರು. ಅದರಲ್ಲಿ ಕಲ್ಲಿನ ಕಟ್ಟಡಕ್ಕೆ ಕೆಂಪು, ಮರದ ಕಟ್ಟಡಕ್ಕೆ ಹಳದಿ ಬಣ್ಣ. ‘1926ರಲ್ಲಿ ಕಟ್ಟಿದ’ ನಮ್ಮ ಮನೆಯ ಜಾಗದಲ್ಲಿ ಆ ನಕ್ಷೆಯಲ್ಲೇ ಒಂದು ಹಳದಿ ಚೌಕ ಕೂತಿತ್ತು. ಮುತ್ತಜ್ಜ ಕಟ್ಟಿದ್ದಲ್ಲ, ಹಳೆಯ ದನದ ಮನೆಯ ಮೇಲೆ ಕೋಣೆ ಏರಿಸಿದ್ದು. ಇದು ಅವರ ಹೆಸರಿಗೆ ಕುಂದಲ್ಲ. ದನ ಕಟ್ಟುತ್ತಿದ್ದ ಕುಟುಂಬವೊಂದು ಸ್ಕೀ ಮಾಡುವವರಿಗೆ ಹಾಸಿಗೆ ಹಾಕಿತು ಎನ್ನುವುದು ಆ ಅಚ್ಚಾದ ವಾಕ್ಯಕ್ಕಿಂತ ಎಷ್ಟೋ ದೊಡ್ಡ ಕಥೆ.

ಅಕ್ಷರ ಕಲಿಯಿರಿ

ಹಳೆಯ ಜರ್ಮನ್ ಕೈಬರಹಕ್ಕೆ ಕುರೆಂಟ್ ಎಂದು ಹೆಸರು. 1941ರವರೆಗೆ ಶಾಲೆಗಳಲ್ಲಿ ಅದನ್ನೇ ಕಲಿಸುತ್ತಿದ್ದರು. ಇಂದಿನ ಜರ್ಮನ್ ಬಲ್ಲವರಿಗೂ ಅದು ಸುಮ್ಮನೆ ಓದಲು ಬರುವುದಿಲ್ಲ. ‘ಇ’ ಅಕ್ಷರ ‘ಎನ್’ ಥರ ಕಾಣುತ್ತದೆ. ‘ಯು’ ಮೇಲೆ ಒಂದು ಸಣ್ಣ ಕೊಂಕು ಇರುತ್ತದೆ, ಅದನ್ನು ಹಿಡಿದೇ ಅದನ್ನು ‘ಎನ್’ನಿಂದ ಬೇರೆ ಮಾಡಬೇಕು. ನಾನು ಕಲಿತದ್ದು ಅಡುಗೆ ಸಾಮಾನಿನ ಪಟ್ಟಿಗಳಿಂದ. ಹಿಟ್ಟು, ಉಪ್ಪು, ಬೆಣ್ಣೆ, ಸಕ್ಕರೆ ಪ್ರತಿ ವಾರವೂ ಬರುತ್ತವೆ, ಅರ್ಥ ಮೊದಲೇ ಗೊತ್ತಿರುತ್ತದೆ, ಅಕ್ಷರ ತಾನಾಗಿ ಕೈಗೆ ಬರುತ್ತದೆ. ಕಾಗದ ಪತ್ರಗಳಿಗೆ ಆಮೇಲೆ ಕೈ ಹಾಕಿ. ದಿನಕ್ಕೆ ಅರ್ಧ ಗಂಟೆಯಂತೆ ನನಗೆ ಎರಡು ತಿಂಗಳು ಹಿಡಿಯಿತು.

ಕಿರ್ದಿ ಹೇಗೆ ಓದಬೇಕು

ನಮ್ಮಪ್ಪನ ಅಂಗಡಿಯಲ್ಲಿ ಪ್ರತಿ ರಾತ್ರಿ ಕಿರ್ದಿ ಬರೆಯುತ್ತಿದ್ದರು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು. ಅದನ್ನು ನೋಡಿ ಬೆಳೆದವಳಿಗೆ ಆ ಹನ್ನೊಂದು ಪುಸ್ತಕ ತೆರೆದಾಗ ಪರದೇಶ ಅನ್ನಿಸಲಿಲ್ಲ. ಅದೇ ಗೆರೆ, ಅದೇ ಅಚ್ಚುಕಟ್ಟು. 1926ರಿಂದ 1943ರವರೆಗೆ ಒಂದೇ ಕೈಬರಹ, ಅಲ್ಲಿಂದ 1971ರವರೆಗೆ ಇನ್ನೊಂದು. ಮೊದಲನೆಯದು ಮುತ್ತಜ್ಜಿಯದು, ಎರಡನೆಯದು ಅಜ್ಜಿಯದು. ಮುತ್ತಜ್ಜನ ಬರಹ ಒಂದು ಪುಟದಲ್ಲೂ ಇಲ್ಲ.

ಹಣದ ಹೆಸರಿನಿಂದ ಮೊದಲು ಎಚ್ಚರವಾಗಿರಿ. ಒಂದೇ ಕುಟುಂಬ, ಒಂದೇ ಮೇಜು, ಆದರೆ ಲೆಕ್ಕ ನಾಲ್ಕು ಸಲ ಬದಲಾಗಿದೆ. 1925ರಲ್ಲಿ ಹತ್ತು ಸಾವಿರ ಕ್ರೋನಕ್ಕೆ ಒಂದು ಶಿಲ್ಲಿಂಗ್ ಆಯಿತು. 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ಒಂದೂವರೆ ಶಿಲ್ಲಿಂಗಿಗೆ ಒಂದು ರೈಖ್ಸ್‌ಮಾರ್ಕ್. 1945ರ ಕೊನೆಗೆ ಮತ್ತೆ ಶಿಲ್ಲಿಂಗ್. 2002ರಲ್ಲಿ ಯೂರೋ ನೋಟು ಬಂತು, 13.7603 ಶಿಲ್ಲಿಂಗಿಗೆ ಒಂದು. ಇದನ್ನೆಲ್ಲ ಇಂದಿನ ಹಣಕ್ಕೆ ಪರಿವರ್ತಿಸಲು ಹೊರಟರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ನಾನು ಬೇರೆ ಅಳತೆ ಇಟ್ಟುಕೊಂಡೆ: ಒಬ್ಬ ಅತಿಥಿ ಒಂದು ರಾತ್ರಿ ತಂಗಿದರೆ ಬರುವ ಹಣ. ಒಂದು ಮೂಟೆ ಹಿಟ್ಟಿಗೆ ಎಷ್ಟು ರಾತ್ರಿ, ಒಂದು ಹಸುವಿಗೆ ಎಷ್ಟು ರಾತ್ರಿ, ಹೊಸ ಕಬ್ಬಿಣದ ಒಲೆಗೆ ಎಷ್ಟು ರಾತ್ರಿ. ಈ ಲೆಕ್ಕದಲ್ಲಿ ಬರೆದರೆ ಮನೆಯವರು ಏನನ್ನು ತೂಗಿ ಏನನ್ನು ಕೊಂಡರು ಎಂಬುದು ನೇರವಾಗಿ ಕಾಣುತ್ತದೆ.

ಖರ್ಚಿನ ಕಡೆ ನಿಧಾನವಾಗಿ ಓದಿ. ಹಿಟ್ಟು ಅಕ್ಟೋಬರ್‌ನಲ್ಲಿ ರಾಶಿಯಾಗಿ ಬಂದಿದ್ದರೆ, ಆ ವರ್ಷ ಚಳಿಗಾಲದಲ್ಲಿ ದಾರಿ ಮುಚ್ಚುತ್ತಿತ್ತು ಎಂದರ್ಥ. ಇಲ್ಲಿ ಹಿಮಕುಸಿತದ ಭಯದಿಂದ ರಸ್ತೆ ಈಗಲೂ ಮುಚ್ಚುತ್ತದೆ. ಸೀಮೆಎಣ್ಣೆ ಸಾಲಿನಿಂದ ಮಾಯವಾದ ತಿಂಗಳು ಕರೆಂಟು ಬಂದ ತಿಂಗಳು. ಕೂಲಿಯವರ ಹೆಸರು ಸರ್ಕಾರದ ಯಾವ ದಾಖಲೆಯಲ್ಲೂ ಇಲ್ಲ, ಕಿರ್ದಿಯಲ್ಲಿ ಇದೆ. ಯುದ್ಧದ ವರ್ಷಗಳಲ್ಲಿ ಅಜ್ಜ ಸೈನ್ಯದಲ್ಲಿದ್ದಾಗ ಕಟ್ಟಡದ ಛಾವಣಿ ಹಾರಿಹೋಗಿ ಮತ್ತೆ ಹಾಕಿಸಿದ ಲೆಕ್ಕ ಅಜ್ಜಿಯ ಕೈಯಲ್ಲಿದೆ: ಹಲಗೆ, ಮೊಳೆ, ಇಬ್ಬರು ಮುದುಕರ ನಾಲ್ಕು ದಿನದ ಕೂಲಿ. ಮನೆಯಲ್ಲಿ ಆ ಛಾವಣಿಯನ್ನು ಇವತ್ತಿಗೂ ಅಜ್ಜನ ಛಾವಣಿ ಎನ್ನುತ್ತಾರೆ. ಪುಸ್ತಕದಲ್ಲಿ ನಾನು ಅಜ್ಜಿಯ ಛಾವಣಿ ಎಂದು ಬರೆದಿದ್ದೇನೆ, ಪಕ್ಕದಲ್ಲೇ ಆ ಪುಟದ ಚಿತ್ರ ಹಾಕಿದ್ದೇನೆ.

ಅತಿಥಿ ಪುಸ್ತಕ, ಮತ್ತು ಕತ್ತರಿಸಿದ ಪುಟಗಳು

ಅತಿಥಿ ಪುಸ್ತಕ ನೋಡಲು ಚೆಂದ. ಚಿತ್ರ, ಪದ್ಯ, ಹೊಗಳಿಕೆ. ಅದರಲ್ಲಿ ಮುಖ್ಯವಾದದ್ದು ವಿಳಾಸದ ಕಾಲಮ್ಮು. ವರ್ಷಕ್ಕೊಂದು ಸಾಲಿನಂತೆ ಒಂದು ಪಟ್ಟಿ ಮಾಡಿ: ಜರ್ಮನಿಯಿಂದ ಎಷ್ಟು ಜನ, ವಿಯೆನ್ನಾದಿಂದ ಎಷ್ಟು, ಇಂಗ್ಲೆಂಡಿನಿಂದ ಎಷ್ಟು. ಆಮೇಲೆ ಪಟ್ಟಿಯನ್ನು ದೂರ ಹಿಡಿದು ನೋಡಿ.

ನಮ್ಮ ಪಟ್ಟಿಯಲ್ಲಿ 1933ರ ಬೇಸಿಗೆಯಿಂದ ಮ್ಯೂನಿಕ್, ಸ್ಟಟ್‌ಗಾರ್ಟ್ ಹೆಸರುಗಳು ಕತ್ತರಿಸಿದಂತೆ ನಿಂತಿವೆ. ಮನೆಯಲ್ಲಿ ಯಾರಿಗೂ ಕಾರಣ ನೆನಪಿರಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಹಿಟ್ಲರನ ಸರ್ಕಾರ ಆಸ್ಟ್ರಿಯಾಕ್ಕೆ ಹೋಗುವ ಪ್ರತಿ ಜರ್ಮನ್ ಪ್ರವಾಸಿಯ ಮೇಲೆ ಸಾವಿರ ಮಾರ್ಕ್ ಹೇರಿತ್ತು. ಆಸ್ಟ್ರಿಯಾದ ಹೋಟೆಲುಗಳ ಹೊಟ್ಟೆಗೆ ಹೊಡೆದು ಸರ್ಕಾರವನ್ನು ಬಗ್ಗಿಸುವುದು ಅದರ ಉದ್ದೇಶ. 1936ರ ಬೇಸಿಗೆಯವರೆಗೆ ಅದು ನಡೆಯಿತು. ಆ ಮೂರು ಚಳಿಗಾಲ ನಮ್ಮ ಪುಸ್ತಕದಲ್ಲಿ ಇಂಗ್ಲಿಷ್, ಡಚ್, ಫ್ರೆಂಚ್ ಹೆಸರುಗಳಿವೆ. ಕಿರ್ದಿಯಲ್ಲಿ ಅದೇ ಕಾಲಕ್ಕೆ ಚಹಾದ ಖರ್ಚು ಏರಿದೆ, ಮತ್ತು ಮುತ್ತಜ್ಜಿ ಎರಡು ಹಸು ಮಾರಿದ್ದಾರೆ. ಅತಿಥಿ ಪುಸ್ತಕವನ್ನೂ ಕಿರ್ದಿಯನ್ನೂ ಅಕ್ಕಪಕ್ಕ ಇಟ್ಟು ಓದಬೇಕು ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಆಮೇಲೆ 1938. ಮಾರ್ಚ್ 12ಕ್ಕೆ ಜರ್ಮನ್ ಸೈನ್ಯ ಆಸ್ಟ್ರಿಯಾದೊಳಗೆ ಬಂತು. ನಮ್ಮ ಅತಿಥಿ ಪುಸ್ತಕದಲ್ಲಿ ಮಾರ್ಚ್ ಮೊದಲ ವಾರದ ನಂತರ ಆರು ಹಾಳೆಗಳನ್ನು ಹೊಲಿಗೆಯ ಹತ್ತಿರ ಬ್ಲೇಡಿನಿಂದ ಕುಯ್ದು ತೆಗೆದಿದ್ದಾರೆ. ಮುಂದಿನ ಬರಹ ಡಿಸೆಂಬರ್‌ನದು.

ಅತ್ತೆಗೆ ತೋರಿಸಿದೆ. “ನಾನು ಈ ಮನೆಗೆ ಬಂದಾಗಲೂ ಹಾಗೇ ಇತ್ತು” ಎಂದರು. ನಾಲ್ಕು ದಿನ ಬಿಟ್ಟು, ನಾನು ಹೊದಿಕೆ ಮಡಿಸುತ್ತಿದ್ದಾಗ ಬಂದು ಇನ್ನೊಂದು ತುದಿ ಹಿಡಿದುಕೊಂಡು ಹೇಳಿದರು: “ನಮ್ಮತ್ತೆಯನ್ನು ಒಂದು ಸಲ ಕೇಳಿದ್ದೆ ಕಣೇ. ಅವರು ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆಯೋಕೆ ನಿಂತರು.” ಆ ಮಾತನ್ನು ನಾನು ಪುಸ್ತಕದಲ್ಲಿ ಹಾಗೇ ಇಟ್ಟಿದ್ದೇನೆ.

ಕುಯ್ದವರು ಕಿರ್ದಿಯನ್ನು ಮುಟ್ಟಿರಲಿಲ್ಲ. ವಿಯೆನ್ನಾದ ಒಂದು ಕುಟುಂಬ ಐದು ವರ್ಷ ಸತತವಾಗಿ ಈಸ್ಟರ್‌ಗೆ ಬಂದು 4ನೇ ನಂಬರಿನ ಕೋಣೆಯಲ್ಲಿ ತಂಗಿದೆ. 1938ರ ಜನವರಿಯಲ್ಲಿ ಆ ವರ್ಷದ ಈಸ್ಟರ್‌ಗೂ ಅವರ ಮುಂಗಡ ಜಮಾ ಆಗಿದೆ. ಈಸ್ಟರ್ ವಾರದಲ್ಲಿ 4ನೇ ಕೋಣೆಯ ಸಾಲು ಖಾಲಿ. ಮುಂಗಡ ಹಿಂದಿರುಗಿಸಿದ ಲೆಕ್ಕ ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಒಂದು ಪೈಸೆ ಬಿಡದೆ ಬರೆಯುತ್ತಿದ್ದ ಮುತ್ತಜ್ಜಿ ಆ ಸಾಲಿನ ಎದುರು ಪೆನ್ಸಿಲಿನಲ್ಲಿ ಒಂದು ಸಣ್ಣ ಅಡ್ಡಗೆರೆ ಹಾಕಿದ್ದಾರೆ, ಅಷ್ಟೆ.

ಇಂಥದ್ದು ಸಿಕ್ಕರೆ ಏನು ಮಾಡಬೇಕು? ಮೊದಲು ಹೆಸರನ್ನು ಹಿಂಬಾಲಿಸಿ. ವಿಯೆನ್ನಾ ನಗರದ ಲೇಮನ್ ವಿಳಾಸ ಪುಸ್ತಕ 1859ರಿಂದ 1942ರವರೆಗಿನದು ಅಂತರ್ಜಾಲದಲ್ಲಿ ಬಿಡಿಸಿ ಇಟ್ಟಿದ್ದಾರೆ, ಯಾವ ವರ್ಷ ಒಂದು ಹೆಸರು ಒಂದು ಬೀದಿಯಿಂದ ಮಾಯವಾಯಿತೆಂದು ಅದರಲ್ಲಿ ಕಾಣುತ್ತದೆ. ವಿಯೆನ್ನಾದ ಆಸ್ಟ್ರಿಯನ್ ಪ್ರತಿರೋಧದ ದಾಖಲಾ ಕೇಂದ್ರದಲ್ಲಿ ನಾಜಿಗಳ ಕೈಯಲ್ಲಿ ಸತ್ತವರ ಹೆಸರುಗಳನ್ನು ಹುಡುಕಬಹುದು. ಆ ಕುಟುಂಬದ ಇಬ್ಬರ ಹೆಸರು ನನಗೆ ಅಲ್ಲಿ ಸಿಕ್ಕಿತು. ಆ ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಊರಿನ ಸುದ್ದಿಗೆ ಆಸ್ಟ್ರಿಯಾ ರಾಷ್ಟ್ರೀಯ ಗ್ರಂಥಾಲಯದ ‘ಆನೋ’ ಎಂಬ ಹಳೆಯ ಪತ್ರಿಕೆಗಳ ಸಂಗ್ರಹ ನೋಡಿ, ಉಚಿತವಾಗಿದೆ. ಪಂಚಾಯಿತಿಯ ಕಡತ, ಬ್ರೆಗೆಂಟ್ಸ್ ನಗರದಲ್ಲಿರುವ ಫೋರಾರ್ಲ್‌ಬರ್ಗ್ ರಾಜ್ಯ ದಾಖಲಾಗಾರ, ಇವೆರಡಕ್ಕೂ ಪತ್ರ ಬರೆಯಿರಿ.

ಬರೆಯುವಾಗ, ಕಾಗದ ತೋರಿಸುವಷ್ಟನ್ನೇ ಬರೆಯಿರಿ. ಯಾರು ಕುಯ್ದರು, ಭಯದಿಂದಲೋ ನಾಚಿಕೆಯಿಂದಲೋ ಅತಿಥಿಗಳನ್ನು ಉಳಿಸಲೋ ಎಂದು ನಾನು ಊಹಿಸಲಿಲ್ಲ. ಆರು ಹಾಳೆ, ಬ್ಲೇಡಿನ ಗುರುತು, 4ನೇ ಕೋಣೆ, ವಾಪಸಾಗದ ಮುಂಗಡ, ಎರಡು ಹೆಸರು. ಆದರೆ ‘ಆ ಕಾಲದಲ್ಲಿ ನಮ್ಮ ಬೆಟ್ಟಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ’ ಎಂಬ ವಾಕ್ಯವನ್ನು ಮಾತ್ರ ಯಾರು ಕೇಳಿಕೊಂಡರೂ ಸೇರಿಸಬೇಡಿ. ಆರ್ಲ್‌ಬರ್ಗ್ ಶೈಲಿಯ ಸ್ಕೀ ಕಲಿಸಿ ಲೋಕಕ್ಕೆಲ್ಲ ಹೆಸರಾಗಿದ್ದ ಹಾನೆಸ್ ಶ್ನೈಡರ್ ಹುಟ್ಟಿದ್ದು ಇಲ್ಲೇ ಸ್ಟೂಬೆನ್ ಊರಿನಲ್ಲಿ, 1890ರಲ್ಲಿ. ಘಾಟಿಯಾಚೆ ಸೇಂಟ್ ಆಂಟನ್‌ನಲ್ಲಿ ಅವರ ಶಾಲೆ ಇತ್ತು. 1938ರ ಮಾರ್ಚ್‌ನಲ್ಲೇ ನಾಜಿಗಳು ಅವರನ್ನು ಹಿಡಿದು ಒಳಗೆ ಹಾಕಿದರು, ಮರುವರ್ಷ ಅವರು ಅಮೆರಿಕಕ್ಕೆ ಹೋದರು, ಮರಳಿ ಬಂದು ನೆಲೆಸಲಿಲ್ಲ. ಅವರನ್ನು ಅರಿಯದ ಸ್ಕೀ ಮನೆ ಈ ಕಡೆ ಒಂದಾದರೂ ಇತ್ತೇ?

ಈ ಅಧ್ಯಾಯ ಬೇಡ ಎಂದು ಮನೆಯಲ್ಲಿ ಒಬ್ಬರು ಹಟ ಹಿಡಿದರು. ಅವರ ಜೊತೆ ವಾದ ಮಾಡುವ ಬದಲು ಕಿರ್ದಿಯ ಆ ಪುಟವನ್ನು ಅವರ ಮುಂದೆ ಬಿಚ್ಚಿಟ್ಟು ನಾನು ಹೊರಗೆ ಹೋದೆ. ಸಂಜೆ ಅವರು ಹೇಳಿದ್ದು: “ಮುಂಗಡದ ಮೊತ್ತವನ್ನೂ ಬರಿ.” ಬರೆದೆ.

ಈಗ ಕೇಳಿ

ಇಷ್ಟು ಕೈಯಲ್ಲಿದ್ದ ಮೇಲೆ ಹಿರಿಯರ ಹತ್ತಿರ ಹೋಗಿ. ಇಸವಿ ಕೇಳಬೇಡಿ. ಬೆಟ್ಟದವರಿಗೆ ಇಸವಿಗಿಂತ ಹಿಮ ನೆನಪಿರುತ್ತದೆ. ನಾನು ಒಂದು ಉದ್ದನೆಯ ಕಾಗದದ ಮೇಲೆ ಎಲ್ಲರಿಗೂ ಗೊತ್ತಿರುವ ಗುರುತುಗಳನ್ನು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. 1937ರಲ್ಲಿ ತ್ಸ್ಯೂರ್ಸ್‌ನಲ್ಲಿ ಆಸ್ಟ್ರಿಯಾದ ಮೊದಲ ಸ್ಕೀ ಲಿಫ್ಟು, ಅದೇ ವರ್ಷ ಸೇಂಟ್ ಆಂಟನ್‌ನಲ್ಲಿ ಗಾಲ್ಜಿಗ್ ಬೆಟ್ಟಕ್ಕೆ ಕೇಬಲ್ ಕಾರು. 1951ರ ಜನವರಿ, ಆಲ್ಪ್ಸ್ ತುಂಬ ಹಿಮಕುಸಿತ. 1954ರ ಜನವರಿ 11, ಬ್ಲೋನ್ಸ್ ಹಳ್ಳಿಯ ಮೇಲೆ ಹಿಮ ಜಾರಿ ಐವತ್ತಕ್ಕೂ ಹೆಚ್ಚು ಜನ ಸತ್ತದ್ದು. 1955, ಯುದ್ಧ ಗೆದ್ದು ಹತ್ತು ವರ್ಷದಿಂದ ಇಲ್ಲಿ ಬೀಡುಬಿಟ್ಟಿದ್ದ ಫ್ರೆಂಚರ ಆಳ್ವಿಕೆ ಮುಗಿದದ್ದು. 1964, 1976, ಇನ್ಸ್‌ಬ್ರುಕ್ ಒಲಿಂಪಿಕ್ಸ್. 1978, ಘಾಟಿಯ ಕೆಳಗೆ ರಸ್ತೆಯ ಸುರಂಗ. 1999ರ ಫೆಬ್ರುವರಿ, ಗಾಲ್ಟ್ಯೂರ್‌ನ ಹಿಮಕುಸಿತ. ‘ಲಿಫ್ಟಿಗೆ ಮುಂಚೆಯೋ ಆಮೇಲೋ?’ ಎಂದರೆ ಉತ್ತರ ತಟ್ಟನೆ ಬರುತ್ತದೆ.

ಕೂರಿಸಿ ಸಂದರ್ಶನ ಮಾಡಬೇಡಿ. ಆಲೂಗಡ್ಡೆ ಸುಲಿಯುವಾಗ, ಹೊದಿಕೆ ಮಡಿಸುವಾಗ ರೆಕಾರ್ಡರ್ ಮೇಜಿನ ಮೇಲಿರಲಿ, ಅದು ಓಡುತ್ತಿದೆ ಎಂದು ಅವರಿಗೂ ಗೊತ್ತಿರಲಿ. ‘ಬದುಕು ಹೇಗಿತ್ತು’ ಎಂಬ ಪ್ರಶ್ನೆಯಿಂದ ನನಗೆ ಏನೂ ದಕ್ಕಲಿಲ್ಲ. ದಕ್ಕಿದ್ದು ಇಂಥವುಗಳಿಂದ: ಬೆಳಿಗ್ಗೆ ಮೊದಲು ಏಳುತ್ತಿದ್ದವರು ಯಾರು? ಲಾಡ್ಜು ತುಂಬಿದಾಗ ಮನೆಯ ಮಕ್ಕಳು ಎಲ್ಲಿ ಮಲಗುತ್ತಿದ್ದರು? ಒದ್ದೆ ಕೈಗವಸು ಎಲ್ಲಿ ಒಣಗಿಸುತ್ತಿದ್ದಿರಿ? ಕಾಲು ಮುರಿದವರನ್ನು ಹೇಗೆ ಕೆಳಗಿಳಿಸುತ್ತಿದ್ದರು? ಮಕ್ಕಳು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿದಾಗ ನಾದಿನಿ ಅರ್ಧ ಗಂಟೆ ಮಾತಾಡಿದರು. ಕ್ರಿಸ್‌ಮಸ್ಸಿನಿಂದ ಈಸ್ಟರ್‌ವರೆಗೆ ಅವರಿಗೆ ಸ್ವಂತ ಹಾಸಿಗೆ ಇರಲಿಲ್ಲವಂತೆ, ಹೊದಿಕೆ ಕೋಣೆಯ ಕಪಾಟಿನಲ್ಲಿ ಮಲಗುತ್ತಿದ್ದರಂತೆ. ಲಾಡ್ಜಿನ ಮಕ್ಕಳ ಬಗ್ಗೆ ಒಂದು ಇಡೀ ಅಧ್ಯಾಯ ಅಲ್ಲಿಂದ ಹುಟ್ಟಿತು.

ಫೋಟೋಗಳ ಕಾಲ

ಹಿಂಬದಿ ಬರೆಯದ ಫೋಟೋಗಳಿಗೆ ಕಾಲ ಹೇಳುವುದು ಸ್ಕೀ ಸಾಮಾನು. ಎರಡರ ಬದಲು ಉದ್ದನೆಯ ಒಂದೇ ಕೋಲು ಹಿಡಿದಿದ್ದರೆ ಬಹುಮಟ್ಟಿಗೆ ಮೊದಲ ಮಹಾಯುದ್ಧಕ್ಕೆ ಹಿಂದಿನದು. ಸ್ಕೀ ಅಂಚಿಗೆ ಉಕ್ಕಿನ ಪಟ್ಟಿ ಕಂಡರೆ 1926ರ ಈಚಿನದು, ಸಾಲ್ಜ್‌ಬರ್ಗ್‌ನ ರುಡಾಲ್ಫ್ ಲೆಟ್ನರ್ ಅದಕ್ಕೆ ಪೇಟೆಂಟ್ ಪಡೆದದ್ದು ಆ ವರ್ಷ. ಕಾಲಿಗೆ ಅಂಟಿದ ಹಿಗ್ಗುವ ಪ್ಯಾಂಟು 1950ರ ದಶಕದ್ದು. ಪ್ಲಾಸ್ಟಿಕ್ ಬೂಟು 1960ರ ದಶಕದ ನಡುವಿನಿಂದ ಈಚೆಗೆ. ಆದರೆ ಬೆಟ್ಟದ ಮಕ್ಕಳು ಅಣ್ಣಂದಿರ ಹಳೆಯ ಸ್ಕೀ ಹಾಕುತ್ತಿದ್ದರು, ಆದ್ದರಿಂದ ಫೋಟೋದಲ್ಲಿರುವ ಅತ್ಯಂತ ಹೊಸ ವಸ್ತುವನ್ನೇ ಹಿಡಿದು ಕಾಲ ಹೇಳಿ.

ಅಚ್ಚಿಗೆ ಕೊಡುವ ಮೊದಲು

ಬದುಕಿರುವ ಅತಿಥಿಗಳ ಹೆಸರು, ವಿಳಾಸ, ಯಾರ ಜೊತೆ ಬಂದಿದ್ದರು ಎಂಬುದನ್ನು ಹಾಕಬೇಡಿ. ಅತಿಥಿ ನೋಂದಣಿಯನ್ನು ಇಲ್ಲಿ ಏಳು ವರ್ಷ ಇಟ್ಟುಕೊಳ್ಳಬೇಕು, ಆದರೆ ಅದು ಸರ್ಕಾರಕ್ಕಾಗಿ, ಪುಸ್ತಕಕ್ಕಾಗಿ ಅಲ್ಲ. ಪಾಲು ಬಿಟ್ಟುಕೊಟ್ಟ ಅಕ್ಕತಂಗಿಯರ ಮಕ್ಕಳಿಗೆ ಆ ಪುಟಗಳನ್ನು ಮೊದಲೇ ತೋರಿಸಿ. ನಾವು ನಲವತ್ತು ಪ್ರತಿ ಮಾಡಿಸಿದೆವು. ಒಂದು ಪಂಚಾಯಿತಿಗೆ, ಒಂದು ಬ್ರೆಗೆಂಟ್ಸ್‌ಗೆ. ಸ್ಕ್ಯಾನ್ ಮಾಡಿದ್ದನ್ನು ಮೂರು ಬೇರೆ ಬೇರೆ ಮನೆಗಳಲ್ಲಿ ಇಟ್ಟಿದ್ದೇವೆ. ಮರದ ಮನೆ, ಮೇಲೆ ಹಿಮದ ಇಳಿಜಾರು. ಎಲ್ಲವನ್ನೂ ಒಂದೇ ಛಾವಣಿ ಕೆಳಗೆ ಇಡುವಂತಿಲ್ಲ.

ಕರಡು ಪ್ರತಿಯನ್ನು ಅಗಲವಾದ ಅಂಚು ಬಿಟ್ಟು ಅಚ್ಚು ಹಾಕಿ, ಮನೆಯ ಹಿರಿಯರಿಗೆ ಪೆನ್ಸಿಲಿನ ಜೊತೆ ಕೊಡಿ. ಅವಸರ ಮಾಡಬೇಡಿ. ಅತ್ತೆ ಮೂರು ವಾರ ಇಟ್ಟುಕೊಂಡರು. ಅಂಚಿನಲ್ಲಿ ನಲವತ್ತೊಂದು ಟಿಪ್ಪಣಿ ಇದ್ದವು. ಒಲೆ ಕಂದು ಅಲ್ಲ, ಹಸಿರು. ಹಿಟ್ಟಿನ ಪೆಟ್ಟಿಗೆ ಎಡಕ್ಕಿತ್ತು. ‘ಹಾಲು 4ನೇ ಕೋಣೆಯವರ ಮಗುವಿಗೆ ಬೇರೆಯಾಗಿ ಕಾಯಿಸುತ್ತಿದ್ದರಂತೆ, ನಮ್ಮತ್ತೆ ಹೇಳಿದ್ದು.’ ಈ ಕೊನೆಯದನ್ನು ಅವರು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ಎಲ್ಲ ನಲವತ್ತೊಂದನ್ನೂ ಸೇರಿಸಿದೆ. ಆಮೇಲೆ ದರಪಟ್ಟಿಯ ಹಿಂಬದಿಯ ನಾಲ್ಕು ವಾಕ್ಯವನ್ನು ತೆಗೆಸಿ, ಅಲ್ಲಿ ಇಬ್ಬರು ಹೆಂಗಸರ ಹೆಸರು, ಅವರು ಕಿರ್ದಿ ಬರೆದ ವರ್ಷಗಳನ್ನು ಹಾಕಿಸಿದೆವು. ಮೂರನೆಯ ಹೆಸರಿಗೆ ಜಾಗ ಬಿಡಿ ಎಂದು ನಾನು ಹೇಳಿದೆ. ಅತ್ತೆ ಇನ್ನೂ ಬರೆಯುತ್ತಿದ್ದಾರೆ.